ಮಳೆಗಾಲದಲ್ಲೂ ಸೂರ್ಯನ ಮೇಲೆ ಕಣ್ಣು: ಅಡಿಕೆ ದಬ್ಬೆಯ ಆಂಟೆನಾ ಕಟ್ಟಿ

ಆಷಾಢ ಬಂತೆಂದರೆ ನಮ್ಮ ತೀರ್ಥಹಳ್ಳಿ ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆದರೂ ಹಗಲಲ್ಲಿ ಸೂರ್ಯನ ಮೇಲೆ ದೊಡ್ಡ ಸ್ಫೋಟವಾದರೆ ಅಟ್ಟದ ಮೇಲೆ ಕೂತೇ ತಿಳಿದುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಎರಡು ಅಡಿಕೆ ದಬ್ಬೆ, ಸುಮಾರು 300 ಗ್ರಾಂ ತಾಮ್ರದ ತಂತಿ, ಒಂದು ಹಳೆ ಲ್ಯಾಪ್‌ಟಾಪ್.

ನೆಲದಿಂದ 60–90 ಕಿ.ಮೀ. ಎತ್ತರದಲ್ಲಿ ಅಯಾನುಗೋಳದ, ಅಂದರೆ ವಿದ್ಯುತ್ ಕಣಗಳಿರುವ ಗಾಳಿಯ ಪದರದ, ಕೆಳಗಿನ ಅಂಚು ಇದೆ. ಇದಕ್ಕೆ ‘ಡಿ’ ಪದರ ಎನ್ನುತ್ತಾರೆ. ಬಲೂನು ಅಲ್ಲಿಯವರೆಗೆ ಏರುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು, ರಾಕೆಟ್ ಹಾರಿಸಿದರೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ವಿಜ್ಞಾನಿಗಳು ವಿಎಲ್‌ಎಫ್, ಅಂದರೆ ಅತಿ ಕಡಿಮೆ ಆವರ್ತನದ, ರೇಡಿಯೋ ಅಲೆಗಳ ಮೊರೆ ಹೋಗುತ್ತಾರೆ. ಇವು 3ರಿಂದ 30 ಕಿಲೋಹರ್ಟ್ಸ್‌ನ ಅಲೆಗಳು. ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಂದ ಹಾಗೆ ಇವು ನೆಲಕ್ಕೂ ಡಿ ಪದರಕ್ಕೂ ನಡುವೆ ಸಾವಿರಾರು ಕಿ.ಮೀ. ಸಾಗುತ್ತವೆ. ಮೇಲಿನ ಪದರ ಬದಲಾದರೆ ನಮಗೆ ತಲುಪುವ ಅಲೆಯ ಬಲವೂ ಬದಲಾಗುತ್ತದೆ. ನಾವು ಅಳೆಯುವುದು ಇಷ್ಟನ್ನೇ.

ಅಲೆ ಕಳಿಸುವವರು ಆಗಲೇ ಇದ್ದಾರೆ. ನೀರೊಳಗಿನ ಸಬ್‌ಮರೀನ್‌ಗಳಿಗೆ ಸಂದೇಶ ಕಳಿಸಲು ನೌಕಾಪಡೆಗಳು ಇದೇ ಅಲೆಗಳನ್ನು ಬಳಸುತ್ತವೆ. ತಿರುನೆಲ್ವೇಲಿ ಬಳಿಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದ್ದು 18.2 ಕಿಲೋಹರ್ಟ್ಸ್. ಶಿವಮೊಗ್ಗದಿಂದ ಅದು ಹೆಚ್ಚುಕಡಿಮೆ 650 ಕಿ.ಮೀ. ಇನ್ನೊಂದು ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನದು, 19.8 ಕಿಲೋಹರ್ಟ್ಸ್. ಸಂದೇಶ ಗುಪ್ತ ಭಾಷೆಯಲ್ಲಿರುತ್ತದೆ, ಅದರ ಗೊಡವೆ ನಮಗೆ ಬೇಡ.

ಈಗ ಕೆಲಸಕ್ಕೆ ಬರೋಣ. ನಾಲ್ಕೂಮುಕ್ಕಾಲು ಅಡಿ ಉದ್ದದ ಎರಡು ದಬ್ಬೆಗಳನ್ನು ಅಡ್ಡಡ್ಡ ಇಟ್ಟು ನಡುವೆ ಬಿಗಿಯಾಗಿ ಕಟ್ಟಿ. ನಾಲ್ಕೂ ತುದಿಯಲ್ಲಿ ತಂತಿ ಕೂರಲು ಕಚ್ಚು ಮಾಡಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 26 ಗೇಜ್ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು 50 ಸುತ್ತು ಸುತ್ತಿದರೆ ಬದಿಗೆ ಒಂದು ಮೀಟರಿನ ಚೌಕ ತಯಾರು. ನಮ್ಮ ಅತ್ತಿಗೆ ನೋಡಿ, “ಎಂತದು ಮಾರಾಯ ಇದು, ಮಂಗ ಹಿಡಿಯೋ ಬಲೆಯಾ?” ಅಂದರು.

ತಂತಿಯ ಎರಡೂ ತುದಿಗಳನ್ನು ಬ್ಲೇಡಿನಿಂದ ಚೆನ್ನಾಗಿ ಹೆರೆಯಿರಿ. ಮೇಲಿನ ವಾರ್ನಿಷ್ ಹೋಗದೆ ಕರೆಂಟು ದಾಟುವುದಿಲ್ಲ. ನಾನು ಇದನ್ನು ಮರೆತು ಎರಡು ದಿನ ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಆಮೇಲೆ ಮೈಕ್ ಕೇಬಲ್ಲಿಗೆ ಬೆಸುಗೆ ಹಾಕಿ, ಲ್ಯಾಪ್‌ಟಾಪಿನ ಮೈಕ್ ಸಾಕೆಟ್ಟಿಗೆ ಚುಚ್ಚಿ. ಸ್ಪೆಕ್ಟ್ರಂ ಲ್ಯಾಬ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಸೆಕೆಂಡಿಗೆ 48,000 ಮಾದರಿಯ (ಅಳತೆಯ) ಲೆಕ್ಕಕ್ಕೆ ಹೊಂದಿಸಿ. ಅದರ ಅರ್ಧ, ಅಂದರೆ 24 ಕಿಲೋಹರ್ಟ್ಸ್‌ವರೆಗೆ ಕಾಣುತ್ತದೆ. ನಮ್ಮ ಎರಡೂ ಕೇಂದ್ರಗಳು ಅದರೊಳಗೇ ಬರುತ್ತವೆ.

ಚೌಕವನ್ನು ನೇತು ಹಾಕುವಾಗ ಅದರ ಅಂಚು ಕೇಂದ್ರದ ಕಡೆ ತಿರುಗಿರಲಿ, ಅಗಲವಲ್ಲ. ಆಸ್ಟ್ರೇಲಿಯಾ ನಮಗೆ ಆಗ್ನೇಯಕ್ಕೆ, ವಾಸ್ತು ಪ್ರಕಾರ ಅಡುಗೆಮನೆ ಇರುವ ಮೂಲೆಗೆ. ತಿರುನೆಲ್ವೇಲಿ ಅದಕ್ಕಿಂತ ಸ್ವಲ್ಪ ದಕ್ಷಿಣಕ್ಕೆ. ಹೆಂಚಿನ ಮಾಡಿನಡಿ ತೊಂದರೆಯಿಲ್ಲ, ತಗಡಿನ ಶೀಟಿನಿಂದ ದೂರವಿಡಿ.

ನಿಜವಾದ ತಲೆನೋವು ಸದ್ದಿನದು, ಅಂದರೆ ಬೇರೆ ಉಪಕರಣಗಳು ಹೊಮ್ಮಿಸುವ ರೇಡಿಯೋ ಅಲೆಗಳದು. ಎಲ್‌ಇಡಿ ಬಲ್ಬು, ಇನ್ವರ್ಟರ್, ಲ್ಯಾಪ್‌ಟಾಪಿನ ಚಾರ್ಜರ್ ಎಲ್ಲವೂ ಕಿರುಚುತ್ತವೆ. ನಮ್ಮಲ್ಲಿ ಸೆಕೆಂಡಿಗೊಂದರಂತೆ ಒಂದು ಗೆರೆ ಮೂಡುತ್ತಿತ್ತು. ಕಾರಣ ಹುಡುಕುತ್ತಾ ತೋಟಕ್ಕೆ ಇಳಿದೆ. ನೋಡಿದರೆ ಕಾಡುಹಂದಿಗೆಂದು ಹಾಕಿದ ಸೋಲಾರ್ ಬೇಲಿ, ಟಕ್ ಟಕ್ ಅಂತಿದೆ! ಆಂಟೆನಾವನ್ನು ಮನೆಯ ಇನ್ನೊಂದು ಬದಿಗೆ ಒಯ್ದ ಮೇಲೆ ಸರಿಹೋಯಿತು. ಕರೆಂಟು ಹೋದಾಗ ಗ್ರಾಫ್ ಎಷ್ಟು ಚೊಕ್ಕ ಆಗುತ್ತದೆಂದರೆ, ಮಳೆಗಾಲದ ಕರೆಂಟಿಗೆ ಬೈಯುವುದನ್ನೇ ನಾನು ಬಿಟ್ಟಿದ್ದೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಾತ್ರ ಅಪಾಯ. ಮೋಡ ಗುಡುಗಿದ ಕೂಡಲೇ ಕೇಬಲ್ ಕಿತ್ತಿಡಿ.

ಮೊದಲ ವಾರ ಸುಮ್ನೆ ನೋಡುತ್ತಿರಿ. ಅಲೆ ಹಗಲು ಸುಮಾರು 70 ಕಿ.ಮೀ. ಎತ್ತರದಿಂದ, ರಾತ್ರಿ 85 ಕಿ.ಮೀ. ಹತ್ತಿರದಿಂದ ಮರಳುತ್ತದೆ. ಅದಕ್ಕೇ ಬೆಳಗು, ಬೈಗು ಹೊತ್ತಿನಲ್ಲಿ ಅಲೆಯ ಬಲ ತೋರಿಸುವ ಗೆರೆ ತಗ್ಗುತ್ತದೆ, ಏಳುತ್ತದೆ. ರಾತ್ರಿ ಜಾಸ್ತಿ ನಡುಗುತ್ತದೆ, ಹಗಲು ನಯವಾಗಿರುತ್ತದೆ. ಆ ನಯವಾದ ಗೆರೆ ಕೆಲವೇ ನಿಮಿಷದಲ್ಲಿ ಜಿಗಿದು, ಅರ್ಧ ಗಂಟೆ, ಒಂದು ಗಂಟೆ ತೆಗೆದುಕೊಂಡು ನಿಧಾನ ಇಳಿದರೆ ಅದು ಸೌರಜ್ವಾಲೆ, ಮೊದಲು ಹೇಳಿದ ಸೂರ್ಯನ ಮೇಲಿನ ಸ್ಫೋಟ. ಅದರ ಎಕ್ಸ್-ಕಿರಣ ಡಿ ಪದರವನ್ನು ಒಮ್ಮೆಲೇ ದಟ್ಟ ಮಾಡಿರುತ್ತದೆ. ಕೆಲವು ದಾರಿಗಳಲ್ಲಿ ಗೆರೆ ಏರುವ ಬದಲು ಇಳಿಯುವುದೂ ಉಂಟು. ಆದರೆ ಗೋಡೆಯ ಹಾಗೆ ನೆಟ್ಟಗೆ ಬಿದ್ದರೆ ಖುಷಿಪಡಬೇಡಿ, ಕೇಂದ್ರದವರು ಟ್ರಾನ್ಸ್‌ಮಿಟರ್ ಆಫ್ ಮಾಡಿರುತ್ತಾರೆ, ಅಷ್ಟೇ.

ಅನುಮಾನವಿದ್ದರೆ ಅಮೆರಿಕದ ಗೋಸ್ ಉಪಗ್ರಹಗಳ ಎಕ್ಸ್-ಕಿರಣ ಗ್ರಾಫ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಜೊತೆಗಿಟ್ಟು ನೋಡಿ. ಅದರಲ್ಲಿರುವುದು ಗ್ರೀನ್‌ವಿಚ್ ಹೊತ್ತು. ಐದೂವರೆ ಗಂಟೆ ಕೂಡಿಸಿಕೊಳ್ಳಲು ಮರೆಯಬೇಡಿ.