ಗಾಯವಾದ ಪಿಚರ್ ‘ವಾಪಸ್ ಬರ್ತಾನೆ’ ಅಂದ್ರೆ ಎಷ್ಟು ನಂಬಬೇಕು? ಬುಲ್‌ಪೆನ್ ಸುದ್ದಿ ಓದೋದು ಹೇಗೆ

ಬೇಸ್‌ಬಾಲ್ ಹುಚ್ಚು ಹೊಸದಾಗಿ ಹಿಡಿದವರು ಎಡವುವ ಜಾಗ ಒಂದಿದೆ. ಮೊಬೈಲಿಗೆ ಸುದ್ದಿ ಬರುತ್ತದೆ, ಇಂಥ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಮುಂದಿನ ವಾರ ಗಾಯಾಳುಗಳ ಪಟ್ಟಿಯಿಂದ ಹೊರಗೆ ಬರುತ್ತಾನೆ ಅಂತ. ತಕ್ಷಣ ಅವನನ್ನು ಫ್ಯಾಂಟಸಿ ತಂಡಕ್ಕೆ ಎಳೆದುಕೊಳ್ಳುತ್ತಾರೆ. ಅವನು ಬರುವುದೂ ನಿಜ. ಆದರೆ ಒಂದು ಇನಿಂಗ್ಸ್ (ಇಲ್ಲಿ ಮೂರು ಜನ ಔಟ್ ಆದರೆ ಮುಗಿಯಿತು, ಪಂದ್ಯಕ್ಕೆ ಅಂಥವು ಒಂಬತ್ತು) ಎಸೆದು, ಜಾಕೆಟ್ ಹಾಕಿಕೊಂಡು ಬೆಂಚಿನಲ್ಲಿ ಕೂತುಬಿಡುತ್ತಾನೆ. ನಾನೂ ಹೀಗೆ ಕೈಸುಟ್ಟುಕೊಂಡವನೇ, ಒಂದಲ್ಲ ಮೂರು ಸಲ.

ಅದಕ್ಕೇ ಹೇಳುತ್ತಿದ್ದೇನೆ, ತಾರೀಕು ನೋಡಬೇಡಿ, ಚೆಂಡು ಎಣಿಸಿ. 2025ರ ಜೂನ್ 16ರಂದು ಜಪಾನಿನ ತಾರೆ ಶೊಹೇ ಓಹ್ತಾನಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಪರ ಮೊದಲ ಸಲ ಪಿಚ್ ಮಾಡಿದ. 2023ರ ಸೆಪ್ಟೆಂಬರಿನಲ್ಲಿ ಮೊಣಕೈ ಆಪರೇಷನ್ ಆದವನು. ಎದುರಿಗೆ ಸ್ಯಾನ್ ಡಿಯಾಗೋ ಪಾಡ್ರೆಸ್. ವೇಗ ಗಂಟೆಗೆ 100 ಮೈಲಿ ದಾಟಿತು, ಅಂದರೆ 161 ಕಿಲೋಮೀಟರ್, 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ ಆ ಚೆಂಡಿನ ಲೆಕ್ಕ. ಎಲ್ಲರೂ ಕುಣಿದಾಡಿದರು. ಎಸೆದದ್ದು ಎಷ್ಟು ಗೊತ್ತಾ? 28 ಚೆಂಡು, ಒಂದೇ ಇನಿಂಗ್ಸ್. ಅವನು ಐದು ಇನಿಂಗ್ಸ್ ಪೂರ್ತಿ ಮಾಡಿದ್ದು ಆಗಸ್ಟ್ 27ಕ್ಕೆ. ‘ವಾಪಸ್ ಬಂದ’ ಅನ್ನುವುದಕ್ಕೂ ನಿಜವಾಗಿ ವಾಪಸ್ ಬರುವುದಕ್ಕೂ ನಡುವೆ ಹತ್ತು ವಾರ!

ಮೊದಲು ನೋಡಬೇಕಾದದ್ದು ಗಾಯ ಎಲ್ಲಿ ಅಂತ. ಕ್ರಿಕೆಟ್ ವೇಗಿಗಳಿಗೆ ಸಾಮಾನ್ಯವಾಗಿ ಕೈಕೊಡುವುದು ಬೆನ್ನು. ನಮ್ಮ ಪ್ರಸಿದ್ಧ್ ಕೃಷ್ಣ ಬೆನ್ನುಮೂಳೆಯ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಕಳೆದುಕೊಂಡದ್ದು ನೆನಪಿರಬಹುದು. ಪಿಚರ್‌ಗಳಿಗೆ ಮೊಣಕೈ. ಅದರ ಒಳಮಗ್ಗುಲಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದಿಡುವ ಒಂದು ಅಸ್ಥಿರಜ್ಜು ಇದೆ. ಸಾವಿರಾರು ಸಲ ಜೋರಾಗಿ ಬೀಸಿ ಬೀಸಿ ಅದು ಹರಿಯುತ್ತದೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬುವವರು ಡಾಡ್ಜರ್ಸ್ ಪಿಚರ್ ಟಾಮಿ ಜಾನ್‌ಗೆ ಅಲ್ಲಿ ಬೇರೆ ಸ್ನಾಯುರಜ್ಜು ಕಸಿ ಮಾಡಿದರು. ಅವನು 1976ರಲ್ಲಿ ಮತ್ತೆ ಆಡಿ, 1989ರ ತನಕ ಎಸೆದ. ಒಟ್ಟು 288 ಗೆಲುವು, ಅದರಲ್ಲಿ 164 ಆಪರೇಷನ್ ಆದ ಮೇಲಿನವು. ಆಪರೇಷನ್‌ಗೆ ಅವನ ಹೆಸರೇ ನಿಂತಿತು.

ಕಸಿ ಮಾಡುವ ಆ ದಾರ ಎಲ್ಲಿಂದ ತರುತ್ತಾರೆ ಅಂತ ನಿಮ್ಮ ಕೈಯಲ್ಲೇ ನೋಡಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಮಡಚಿ. ನಡುವೆ ಹುರಿಯಂತೆ ಎದ್ದು ಕಾಣುತ್ತದಲ್ಲ, ಅದೇ. ಕಾಣಲಿಲ್ಲ ಅಂದ್ರೆ ಗಾಬರಿ ಬೇಡ, ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಅಂಥ ಪಿಚರ್‌ಗೆ ತೊಡೆಯಿಂದ ತೆಗೆಯುತ್ತಾರೆ.

ಟಾಮಿ ಜಾನ್ ಆಪರೇಷನ್ ಅಂದರೆ ಸುಮಾರು 12ರಿಂದ 18 ತಿಂಗಳು. ಪಂದ್ಯದ ಮಧ್ಯೆ ಬಂದು ಒಂದೇ ಇನಿಂಗ್ಸ್ ಎಸೆಯುವ ರಿಲೀವರ್ ಸ್ವಲ್ಪ ಬೇಗ ಬರುತ್ತಾನೆ, ಪಂದ್ಯ ಶುರು ಮಾಡುವ ಸ್ಟಾರ್ಟರ್ ತಡ. ಭುಜದ ಗಾಯ ಅಂತ ಓದಿದರೆ ನಾನು ಜಾಸ್ತಿ ಹೆದರುತ್ತೇನೆ. ಮೊಣಕೈಗೆ ದಾರಿ ಸವೆದಿದೆ, ಎಷ್ಟು ತಿಂಗಳಿಗೆ ಏನು ಅಂತ ಹೆಚ್ಚುಕಡಿಮೆ ಗೊತ್ತು. ಭುಜದ ಆಪರೇಷನ್ ಆದವರಲ್ಲಿ ಹಳೆಯ ವೇಗ ಮರಳಿ ಪಡೆದವರು ಕಡಿಮೆ. ‘ಮುಂಗೈ ಬಿಗಿತ’ ಎಂಬ ಸುದ್ದಿಯನ್ನಂತೂ ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಎಷ್ಟೋ ಸಲ ಅದು ಮೊಣಕೈಯ ಆ ರಜ್ಜು ಹರಿಯುವ ಮುಂಚಿನ ಎಚ್ಚರಿಕೆಯ ಗಂಟೆ. ಪಕ್ಕೆ ಸ್ನಾಯು, ತೊಡೆ ಸ್ನಾಯು ಅಂದರೆ ಕೆಲವು ವಾರಗಳ ಮಾತು, ಸುಮ್ನೆ ಕಾಯಿರಿ.

ಇನ್ನು ಅವನು ಮೆಟ್ಟಿಲು ಹತ್ತುವ ಕ್ರಮ. ಇದು ಗೊತ್ತಿದ್ದರೆ ಅರ್ಧ ಸುದ್ದಿಯನ್ನು ನೀವೇ ಓದಿಬಿಡಬಹುದು. ಮೊದಲು ಸಮತಟ್ಟು ನೆಲದ ಮೇಲೆ 45 ಅಡಿ ದೂರಕ್ಕೆ ಮೆಲ್ಲಗೆ ಎಸೆತ. ಆಮೇಲೆ 60, 90, 120 ಅಡಿ. ಅದು ನೋವಿಲ್ಲದೆ ಆದ ಮೇಲೆ ಪಂದ್ಯದಲ್ಲಿ ಪಿಚರ್ ನಿಂತು ಎಸೆಯುವಂಥ ದಿಬ್ಬದ ಮೇಲಿಂದ, ಅದೂ ಮೊದಲಿಗೆ ಬರೀ ಫಾಸ್ಟ್‌ಬಾಲ್. ಆಮೇಲೆ ನಿಧಾನದ ಚೆಂಡು ಚೇಂಜಪ್ ಬರುತ್ತದೆ, ತಿರುಗುವ ಚೆಂಡುಗಳಾದ ಸ್ಲೈಡರ್, ಕರ್ವ್ ಕೊನೆಗೆ. ದಿಬ್ಬದ ಈ ಅಭ್ಯಾಸಕ್ಕೂ ‘ಬುಲ್‌ಪೆನ್’ ಅಂತಲೇ ಹೆಸರು, ರಿಲೀವರ್‌ಗಳು ಕೂರುವ ಜಾಗಕ್ಕೂ ಬುಲ್‌ಪೆನ್, ಆ ರಿಲೀವರ್‌ಗಳ ಗುಂಪಿಗೂ ಬುಲ್‌ಪೆನ್. ಹಾಗಾಗಿ ‘ಬುಧವಾರ ಬುಲ್‌ಪೆನ್ ಎಸೆದ’ ಅಂದರೆ ಪಂದ್ಯ ಆಡಿದ ಅಂತಲ್ಲ. ನಾನು ಮೊದಲ ವರ್ಷ ಪೂರ್ತಿ ಹಾಗೇ ತಿಳಿದುಕೊಂಡಿದ್ದೆ.

ಅದಾದ ಮೇಲೆ ಬರುವುದು ‘ಅಪ್ ಡೌನ್’. ಹದಿನೈದು ಇಪ್ಪತ್ತು ಚೆಂಡು ಎಸೆದು, ನಿಜವಾದ ಪಂದ್ಯದಲ್ಲಿ ತನ್ನ ತಂಡ ಬ್ಯಾಟ್ ಮಾಡುವಾಗ ಕೂರುವ ಹಾಗೆ ಸ್ವಲ್ಪ ಹೊತ್ತು ಕೂತು, ಮತ್ತೆ ಎದ್ದು ಎಸೆಯುವುದು. ಸಣ್ಣದು ಅನ್ನಿಸುತ್ತದೆ, ಆದರೆ ಕೈ ತಣ್ಣಗಾದ ಮೇಲೆ ಮತ್ತೆ ಬಿಸಿ ಮಾಡುವುದೇ ಗಾಯವಾದವನಿಗೆ ಕಷ್ಟ. ‘ಎರಡು ಅಪ್ ಡೌನ್ ಮುಗಿಸಿದ’ ಅಂತ ಕಂಡರೆ ಒಳ್ಳೆಯ ಸುದ್ದಿ. ನಂತರ ತಂಡದ ಬ್ಯಾಟರ್‌ಗಳ ಎದುರು ಎಸೆತ, ಕೊನೆಗೆ ಮೈನರ್ ಲೀಗ್, ಅಂದರೆ ಕೆಳಹಂತದ ಲೀಗ್‌ನ ಪಂದ್ಯಗಳು. ನಮ್ಮ ವೇಗಿಗಳು ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಗೆ ಬಂದು, ದಿನಕ್ಕೆ ಎಷ್ಟು ಓವರ್ ಅಂತ ಲೆಕ್ಕ ಹಾಕಿಕೊಂಡು ಬೌಲ್ ಮಾಡುವುದು, ಆಮೇಲೆ ರಣಜಿ ಆಡಿ ಬರುವುದು, ಎಲ್ಲ ಇದೇ ದಾರಿಯೇ ಅಲ್ವಾ.

ಮೈನರ್ ಲೀಗ್‌ನ ಆ ಪಂದ್ಯಗಳಲ್ಲಿ ರನ್ ಎಷ್ಟು ಬಿಟ್ಟ ಅಂತ ನೋಡಬೇಡಿ. ಅವನು ಅಲ್ಲಿ ಗೆಲ್ಲಲು ಬಂದಿಲ್ಲ, ಕೆಲವು ಸಲ ಒಂದೇ ಬಗೆಯ ಚೆಂಡನ್ನು ಬೇಕಂತಲೇ ಹತ್ತು ಸಲ ಎಸೆಯುತ್ತಾನೆ. ನಾನು ನೋಡುವುದು ಮೂರು. ಮೊದಲ ಹತ್ತು ಚೆಂಡಿನ ವೇಗ ಕೊನೆಯ ಹತ್ತರಲ್ಲೂ ಇದೆಯಾ? ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಎಷ್ಟು ಕೊಟ್ಟ? ಮುಂದಿನ ಪಂದ್ಯ ಹೇಳಿದ ದಿನವೇ ಆಡಿದನಾ, ಇಲ್ಲಾ ಎರಡು ದಿನ ಮುಂದಕ್ಕೆ ಹೋಯಿತಾ? ಮೂರನೆಯದು ಎಲ್ಲಕ್ಕಿಂತ ನಿಜ ಹೇಳುತ್ತದೆ. ಮೈನರ್ ಲೀಗ್‌ನ ಮೇಲಿನ ಹಂತವಾದ ಟ್ರಿಪಲ್-ಎ ಪಂದ್ಯಗಳ ಚೆಂಡುವಾರು ವೇಗ ಬೇಸ್‌ಬಾಲ್ ಸಾವಂತ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಹೋಗಿ ನೋಡಿ.

ಈ ಮೈನರ್ ಲೀಗ್ ವಾಸಕ್ಕೆ ಪಿಚರ್‌ಗಳಿಗೆ 30 ದಿನದ ಗಡುವು. ಅದು ಮುಗಿದರೆ ತಂಡ ಏನಾದರೂ ತೀರ್ಮಾನ ಮಾಡಲೇಬೇಕು. ಇಲ್ಲಿಂದ ಆಟ ಮೈದಾನದಿಂದ ಆಫೀಸಿಗೆ ಹೋಗುತ್ತದೆ. ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ. ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ. ಹೊರಗೆ ಹೋಗುವವನು ಯಾರು? ಕೆಟ್ಟದಾಗಿ ಎಸೆದವನು ಅಂದುಕೊಂಡರೆ ತಪ್ಪು. ‘ಆಪ್ಷನ್’ ಉಳಿದಿರುವವನು ಹೋಗುತ್ತಾನೆ. ಅಂದರೆ ಬೇರೆ ತಂಡ ಕಸಿದುಕೊಳ್ಳುವ ಭಯವಿಲ್ಲದೆ ಮೈನರ್ ಲೀಗ್‌ಗೆ ಕಳಿಸಬಹುದಾದ ಹುಡುಗ. ಹಾಗೆ ಕಳಿಸಲು ಒಬ್ಬನ ಮೇಲೆ ಸಾಮಾನ್ಯವಾಗಿ ಮೂರು ವರ್ಷದ ಅವಕಾಶ ಇರುತ್ತದೆ, ಒಂದು ವರ್ಷದಲ್ಲಿ ಐದು ಸಲದವರೆಗೆ. ಚೆನ್ನಾಗಿ ಎಸೆದ ಮರುದಿನವೇ ಬ್ಯಾಗು ಕಟ್ಟಿಕೊಂಡು ಹೊರಟ ಹುಡುಗರನ್ನು ಎಷ್ಟು ನೋಡಿಲ್ಲ ನಾವು. ಅನ್ಯಾಯ ಅನ್ನಿಸುತ್ತದೆ. ಅನ್ಯಾಯವೇ. ಅದಕ್ಕೇ ಬುಲ್‌ಪೆನ್‌ನ ಯುವಕರ ಬಗ್ಗೆ ಓದುವಾಗ ಅಂಕಿಅಂಶಕ್ಕಿಂತ ಮೊದಲು ಆಪ್ಷನ್ ಎಷ್ಟು ಉಳಿದಿದೆ ನೋಡಿ.

ಆ ಯುವಕರಲ್ಲಿ ಯಾರು ನಿಲ್ಲುತ್ತಾರೆ ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ರಿಲೀವರ್ ಒಬ್ಬ ಇಡೀ ವರ್ಷ ಎಸೆಯುವುದೇ ಅರವತ್ತು ಎಪ್ಪತ್ತು ಇನಿಂಗ್ಸ್. ಎರಡು ಕೆಟ್ಟ ರಾತ್ರಿ ಸಾಕು, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟ ರನ್ನಿನ ಸರಾಸರಿ) ಎಕ್ಕುಟ್ಟಿ ಹೋಗುತ್ತದೆ. ಹಾಗಾಗಿ ಎದುರಿಸಿದ ಬ್ಯಾಟರ್‌ಗಳಲ್ಲಿ ಎಷ್ಟು ಜನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆದರು ಅನ್ನುವ ಶೇಕಡಾವಾರಿನಿಂದ ವಾಕ್ ಶೇಕಡಾವಾರು ಕಳೆಯಿರಿ. ಲೀಗ್‌ನಲ್ಲಿ ಸ್ಟ್ರೈಕ್‌ಔಟ್ ಸುಮಾರು 22, ವಾಕ್ ಸುಮಾರು 8, ಉಳಿಯುವುದು 14. ಹುಡುಗ 20 ದಾಟಿದ್ದರೆ ಇಆರ್‌ಎ ಎಷ್ಟೇ ಇರಲಿ, ನಾನು ಬಿಡುವುದಿಲ್ಲ. ಸತತ ಎರಡು ದಿನ ಎಸೆದಿದ್ದಾನಾ ಅಂತಲೂ ನೋಡುತ್ತೇನೆ, ಎರಡನೇ ದಿನ ಕೈ ಏಳದವನು ಬುಲ್‌ಪೆನ್‌ನಲ್ಲಿ ಬಾಳುವುದು ಕಷ್ಟ. 2020ರಿಂದ ಇನ್ನೊಂದು ನಿಯಮ ಸೇರಿದೆ, ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳಿಗಾದರೂ ಎಸೆಯಬೇಕು, ಇಲ್ಲಾ ಇನಿಂಗ್ಸ್ ಮುಗಿಯಬೇಕು. ಎಡಗೈ ಬ್ಯಾಟರ್ ಒಬ್ಬನಿಗೆ ಎಸೆಯಲು ಮಾತ್ರ ಲಾಯಕ್ಕು ಅನ್ನುವಂಥ ಪಿಚರ್‌ಗಳ ಕಾಲ ಅಲ್ಲಿಗೆ ಮುಗಿಯಿತು.

ಒಳ್ಳೆಯ ರಿಲೀವರ್‌ಗಳಲ್ಲಿ ಬಹಳ ಜನ ಸೋತ ಸ್ಟಾರ್ಟರ್‌ಗಳೇ. 652 ಸೇವ್ (ತಂಡದ ಮುನ್ನಡೆ ಕಾಪಾಡಿ ಪಂದ್ಯ ಮುಗಿಸುವುದು) ಮಾಡಿದ ಮರಿಯಾನೋ ರಿವೇರಾ ಕೂಡ 1995ರಲ್ಲಿ ಸ್ಟಾರ್ಟರ್ ಆಗಿ ಬಂದು ಒದ್ದಾಡಿದವನೇ. ಸ್ಟಾರ್ಟರ್ ಒಂದೇ ಬ್ಯಾಟರ್‌ನನ್ನು ಮೂರು ಸಲ ಎದುರಿಸಬೇಕು, ನಾಲ್ಕು ಬಗೆಯ ಚೆಂಡು ಬೇಕು. ರಿಲೀವರ್‌ಗೆ ಎರಡು ಸಾಕು. ಶಕ್ತಿ ಉಳಿಸಿಕೊಳ್ಳುವ ಗೊಡವೆ ಇಲ್ಲದ್ದರಿಂದ ವೇಗವೂ ಒಂದೆರಡು ಮೈಲಿ ಏರುತ್ತದೆ.

ಗಾಯ, ವಾಪಸಾತಿ, ಬುಲ್‌ಪೆನ್, ಎಲ್ಲ ಒಬ್ಬನಲ್ಲೇ ನೋಡಬೇಕು ಅಂದರೆ ರೋಕಿ ಸಸಾಕಿಯನ್ನು ನೋಡಿ. ಜಪಾನಿನಿಂದ ದೊಡ್ಡ ಹೆಸರಿನೊಂದಿಗೆ ಡಾಡ್ಜರ್ಸ್‌ಗೆ ಬಂದ. 2025ರ ಮಾರ್ಚ್‌ನಿಂದ ಮೇ ತನಕ ಎಂಟು ಪಂದ್ಯ, 24 ಸ್ಟ್ರೈಕ್‌ಔಟ್‌ಗೆ 22 ವಾಕ್. ಮೇಲಿನ ಲೆಕ್ಕಕ್ಕೆ ಹಾಕಿದರೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆಯೇ. ವೇಗವೂ ಬಿದ್ದಿತ್ತು. ಮೇ ತಿಂಗಳಲ್ಲಿ ಭುಜದ ತೊಂದರೆ ಅಂತ ಹೊರಗೆ ಕೂತ. ಆಗಸ್ಟ್‌ನಲ್ಲಿ ಟ್ರಿಪಲ್-ಎ ಶುರು ಮಾಡಿದಾಗಲೂ ರನ್ ಧಾರಾಳವಾಗಿ ಬಿಟ್ಟ, ನಾನು ಈ ವರ್ಷಕ್ಕೆ ಇವನ ಕತೆ ಮುಗಿಯಿತು ಅಂದುಕೊಂಡೆ. ಆದರೆ ಸೆಪ್ಟೆಂಬರ್‌ನಲ್ಲಿ ವೇಗ 100 ಮೈಲಿಗೆ ಮರಳಿತು. ಗಮನಿಸಬೇಕಾಗಿದ್ದದ್ದು ಅದೊಂದೇ, ನಾನು ನೋಡಿದ್ದು ಇಆರ್‌ಎ! ತಂಡ ಅವನನ್ನು ರಿಲೀವರ್ ಮಾಡಿತು. ಸೆಪ್ಟೆಂಬರ್ 24ರಂದು ಅರಿಜೋನಾ ಎದುರು ಒಂದು ಇನಿಂಗ್ಸ್, ಎರಡು ಸ್ಟ್ರೈಕ್‌ಔಟ್. ಹತ್ತೇ ದಿನಕ್ಕೆ ಫಿಲಡೆಲ್ಫಿಯಾದಲ್ಲಿ ಪ್ಲೇಆಫ್ ಪಂದ್ಯದ ಒಂಬತ್ತನೇ ಇನಿಂಗ್ಸ್ ಮುಗಿಸಿ ಮೊದಲ ಸೇವ್. ಅಕ್ಟೋಬರ್ 9ರಂದು ಅದೇ ಫಿಲಡೆಲ್ಫಿಯಾ ತಂಡದ ಒಂಬತ್ತು ಬ್ಯಾಟರ್‌ಗಳು ಬಂದರು, ಒಂಬತ್ತೂ ಜನ ಔಟ್ ಆಗಿ ಹೋದರು.

ಅದೇ ವರ್ಷ ಡಾಡ್ಜರ್ಸ್ ದೊಡ್ಡ ಕ್ಲೋಸರ್ (ಕೊನೆಯ ಇನಿಂಗ್ಸ್ ಮುಗಿಸುವ ರಿಲೀವರ್) ಅಂತ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ತಂದ ಟ್ಯಾನರ್ ಸ್ಕಾಟ್ ಹತ್ತು ಸೇವ್ ಕೈಚೆಲ್ಲಿದ್ದ. ಬುಲ್‌ಪೆನ್ ಅಂದರೆ ಹೀಗೇ. ಹೆಸರು, ಸಂಬಳ ನೋಡಿ ಪಟ್ಟಿ ಮಾಡಿಟ್ಟರೆ ಅಕ್ಟೋಬರ್ ಹೊತ್ತಿಗೆ ಅರ್ಧ ಹರಿದು ಹಾಕಬೇಕು. ಹಾಗಾಗಿ ಪಟ್ಟಿಯ ಕೊನೆಯ ಹೆಸರನ್ನೂ ಓದಿ ಅಂತೀನಿ.

ವಿಲ್ ಕ್ಲೈನ್ ಅಂಥ ಕೊನೆಯ ಹೆಸರು. ಒಂದು ವರ್ಷದೊಳಗೆ ನಾಲ್ಕನೇ ತಂಡ ಕಂಡವನು. ಆ ವರ್ಷದ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಸರಣಿಯ ಮೂರನೇ ಪಂದ್ಯ ನಮ್ಮಲ್ಲಿ ಅಕ್ಟೋಬರ್ 28ರ ಬೆಳಿಗ್ಗೆ ಐದೂವರೆ ಸುಮಾರಿಗೆ ಶುರುವಾಯಿತು. ಹಾಲು ಬಂತು, ಕಾಫಿ ಆಯಿತು, ತಿಂಡಿ ಆಯಿತು, ಪಂದ್ಯ ಮುಗಿಯುತ್ತಿಲ್ಲ. ಡಾಡ್ಜರ್ಸ್ ಬುಲ್‌ಪೆನ್ ಖಾಲಿ, ಉಳಿದವನು ಕ್ಲೈನ್ ಒಬ್ಬನೇ. ನಾಲ್ಕು ಇನಿಂಗ್ಸ್, 72 ಚೆಂಡು ಎಸೆದ, ಒಂದು ರನ್ ಬಿಡಲಿಲ್ಲ. ಎರಡು ದಿನದ ಹಿಂದಷ್ಟೇ ಪೂರ್ತಿ ಪಂದ್ಯ ಎಸೆದಿದ್ದ ಅವರ ಸ್ಟಾರ್ಟರ್ ಯಮಮೊಟೊ ಆ ಹೊತ್ತಿಗೆ ಹತ್ತೊಂಬತ್ತನೇ ಇನಿಂಗ್ಸ್‌ಗಾಗಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದ. ಅದು ಬೇಕಾಗಲಿಲ್ಲ. ಹದಿನೆಂಟನೆಯದರಲ್ಲಿ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದ. ಗಡಿಯಾರ ನೋಡಿದರೆ ಹನ್ನೆರಡು ದಾಟಿತ್ತು, ಒಲೆಯ ಮೇಲೆ ಮಧ್ಯಾಹ್ನದ ಸಾರು ಕುದಿಯುತ್ತಿತ್ತು.