ವೃದ್ಧಾಶ್ರಮದಲ್ಲಿ ಆರೈಕೆ ಹೇಗಿದೆ? ಏನನ್ನು ನೋಡಬೇಕು, ಏನನ್ನು ಕೇಳಬೇಕು

ವೃದ್ಧಾಶ್ರಮ ನೋಡಲು ಹೋದವರಿಗೆ ಮೊದಲು ತೋರಿಸುವುದು ಕೈತೋಟ, ಟೀವಿ ಇರುವ ಹಜಾರ ಮತ್ತು ಇನ್ನೂ ಯಾರೂ ಮಲಗದ ಒಂದು ಚೊಕ್ಕಟ ಕೋಣೆ. ಆರೈಕೆಯ ಗುಣಮಟ್ಟವನ್ನು ವ್ಯವಸ್ಥೆ, ಕೆಲಸ ನಡೆಯುವ ರೀತಿ, ಫಲಿತಾಂಶ ಎಂಬ ಮೂರು ಕಡೆಯಿಂದ ನೋಡಬೇಕು ಎಂದು ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲೇ ಬರೆದಿದ್ದರು. ಸಂದರ್ಶಕರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮೊದಲನೆಯದು ಮಾತ್ರ. ಉಳಿದೆರಡನ್ನು ನಾವೇ ಹುಡುಕಿಕೊಳ್ಳಬೇಕು. ಓಡಾಡಿಕೊಂಡಿರುವ, ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಹಿರಿಯರನ್ನು ನೋಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ನೋಡಲು ಯಾರೂ ಬಾರದವರು ಅಲ್ಲಿ ಹೇಗಿದ್ದಾರೆ ಎಂಬುದರಿಂದಲೇ ಆ ಮನೆಯನ್ನು ಅಳೆಯಿರಿ.

ಕನಿಷ್ಠ ಮೂರು ಸಲ ಹೋಗಿ. ಮೊದಲ ಸಲ ಹೇಳಿ ಹೋಗಿ, ಎರಡನೆಯ ಸಲ ಊಟದ ಹೊತ್ತಿಗೆ. ಮೂರನೆಯದು ರಜಾದಿನದ ಸಂಜೆ 7ರ ಸುಮಾರಿಗಿರಲಿ. ಸಿಬ್ಬಂದಿ ಕಡಿಮೆಯಾಗುವುದು, ಕೆಲಸ ಬಾಕಿ ಉಳಿಯುವುದು ಆ ಹೊತ್ತಿನಲ್ಲೇ.

ಒಂದು ಸಲವಾದರೂ ಅನುಮತಿ ಕೇಳಿ ಹಜಾರದ ಮೂಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಮೂವರನ್ನು ಗುರುತಿಸಿಕೊಳ್ಳಿ, ಅವರಲ್ಲಿ ಒಬ್ಬರು ಎಲ್ಲರಿಗಿಂತ ಮೌನವಾಗಿರುವವರಾಗಿರಲಿ. 5 ನಿಮಿಷಕ್ಕೊಮ್ಮೆ ಮೂವರ ಬಗ್ಗೆಯೂ ಒಂದೊಂದು ಸಾಲು ಬರೆಯಿರಿ: ಎಚ್ಚರವಾಗಿದ್ದಾರೆಯೇ, ಏನಾದರೂ ಮಾಡುತ್ತಿದ್ದಾರೆಯೇ, ಯಾರಾದರೂ ಮಾತನಾಡಿಸಿದರೇ, ಹೇಗೆ ಮಾತನಾಡಿಸಿದರು. ಒಳ್ಳೆಯ ಸಹಾಯಕಿ ಎದುರಿಗೆ ಬಂದು, ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, ‘ಈಗ ಒಳಗೆ ಹೋಗೋಣವೇ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತಾಳೆ. ಕೆಟ್ಟ ಅಭ್ಯಾಸವಿರುವ ಕಡೆ ಹಿಂದಿನಿಂದ ಬಂದು ಮಾತಿಲ್ಲದೆ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಾರೆ, ಕುಳಿತವರು ಬೆಚ್ಚಿಬೀಳುತ್ತಾರೆ. ಹಗಲು ಹೊತ್ತಿನಲ್ಲೇ ಹಲವರು ತಲೆ ವಾಲಿಸಿಕೊಂಡು ತೂಕಡಿಸುತ್ತಿದ್ದರೆ, ಎಷ್ಟು ಜನಕ್ಕೆ ನಿದ್ದೆಯ ಅಥವಾ ಶಾಂತಗೊಳಿಸುವ ಮಾತ್ರೆ ನಡೆಯುತ್ತಿದೆ, ಅದನ್ನು ವೈದ್ಯರು ಕೊನೆಯದಾಗಿ ಮರುಪರಿಶೀಲಿಸಿದ್ದು ಯಾವಾಗ ಎಂದು ಕೇಳಿ.

ನಿಮ್ಮವರು ಈಗಾಗಲೇ ಅಲ್ಲಿದ್ದರೆ ಚರ್ಮ ನೋಡುವುದನ್ನು ಕಲಿಯಿರಿ. ಹಾಸಿಗೆ ಹುಣ್ಣು ಹೆಚ್ಚಾಗಿ ಏಳುವುದು ಮೂಳೆ ಉಬ್ಬಿರುವ ಕಡೆ, ಅಂದರೆ ಸೊಂಟದ ಕೆಳಗಿನ ತ್ರಿಕಾಸ್ಥಿ, ಸೊಂಟದ ಪಕ್ಕ ಮತ್ತು ಹಿಮ್ಮಡಿಯಲ್ಲಿ. ಕೆಂಪಾದ ಜಾಗವನ್ನು ಬೆರಳಿನಿಂದ ಕೆಲವು ಸೆಕೆಂಡು ಮೆದುವಾಗಿ ಒತ್ತಿ ಬಿಡಿ. ಒತ್ತಿದಲ್ಲಿ ಬಿಳುಪಾಗಿ ಮತ್ತೆ ಬಣ್ಣ ಬಂದರೆ ರಕ್ತ ಸಂಚಾರ ಇನ್ನೂ ಇದೆ ಎಂದರ್ಥ. ಒತ್ತಿದರೂ ಕೆಂಪು ಮಾಸದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು, ಆದ್ದರಿಂದ ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯೋ ತಣ್ಣಗೋ ಗಟ್ಟಿಯೋ ಮೆತ್ತಗೋ ಇದೆಯೇ ಎಂದು ಮುಟ್ಟಿ ನೋಡಿ. ನೋವಿದೆಯೇ ಎಂದೂ ಕೇಳಿ.

ತಾವಾಗಿ ಹೊರಳಲಾಗದವರ ಮಂಚದ ಬಳಿ ಮಗ್ಗುಲು ಬದಲಿಸಿದ ಪಟ್ಟಿ ಇರಬೇಕು. ಎಷ್ಟು ಹೊತ್ತಿಗೊಮ್ಮೆ ಎಂಬುದು ವ್ಯಕ್ತಿಯನ್ನೂ ಹಾಸಿಗೆಯನ್ನೂ ಅವಲಂಬಿಸಿದ್ದರೂ 2 ಗಂಟೆಗೊಮ್ಮೆ ಎಂಬುದು ಸಾಮಾನ್ಯ ರೂಢಿ. ಪಟ್ಟಿಯನ್ನು ಓದಿ, ಮಂಚವನ್ನೂ ನೋಡಿ. 4 ಗಂಟೆಗೆ ಬಲಮಗ್ಗುಲು ಎಂದು ಬರೆದಿದೆ, 4.15ಕ್ಕೆ ಅವರು ಅಂಗಾತ ಮಲಗಿದ್ದಾರೆ ಎಂದರೆ ಕಾರಣ ಕೇಳಲೇಬೇಕು. ಸಂಜೆಯ ಗೆರೆಗಳೆಲ್ಲ ಮಧ್ಯಾಹ್ನವೇ ತುಂಬಿದ್ದರೆ ಆ ಕಾಗದವನ್ನು ನಂಬಬೇಡಿ. ಹಿಮ್ಮಡಿ ಹಾಸಿಗೆಗೆ ತಾಕದಂತೆ ಮೀನಖಂಡದ ಕೆಳಗೆ ದಿಂಬು ಇರಬೇಕು. ಗಾಳಿ ಹಾಸಿಗೆ ಇದೆ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ಅದರ ಪಂಪು ಚಾಲೂ ಇದೆಯೇ, ತೂಕದ ಗುಂಡಿ ಎಲ್ಲಿಗೆ ತಿರುಗಿದೆ ಎಂದು ನೋಡಿ. 45 ಕಿಲೋ ತೂಕದವರಿಗೆ 120 ಕಿಲೋದ ಒತ್ತಡ ಇಟ್ಟರೆ ಆ ಹಾಸಿಗೆ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಯಾರೋ ಒರೆಸುವಾಗ ಗುಂಡಿ ತಿರುಗಿರುತ್ತದೆ, ಆಮೇಲೆ ಯಾರೂ ಅತ್ತ ನೋಡಿರುವುದಿಲ್ಲ.

ಊಟದ ಹೊತ್ತಿನಲ್ಲಿ ತಟ್ಟೆಗಿಂತ ಕೈಗಳನ್ನು ಗಮನಿಸಿ. ತಿನ್ನಿಸುವವರು ನಿಂತಿದ್ದಾರೆಯೇ, ಕುಳಿತಿದ್ದಾರೆಯೇ? ಹಿಂದಿನ ತುತ್ತು ನುಂಗುವ ತನಕ ಕಾಯುತ್ತಾರೆಯೇ? ನುಂಗಲು ಕಷ್ಟವಿರುವವರನ್ನು ನೆಟ್ಟಗೆ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಇರಿಸಬೇಕು. ಮಲಗಿಸಿಕೊಂಡು ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವಿದೆ. ಮುಟ್ಟದ ತಟ್ಟೆಯನ್ನು ಏನೂ ಕೇಳದೆ ಎತ್ತಿಕೊಂಡು ಹೋದರೆ ಗುರುತು ಹಾಕಿಕೊಳ್ಳಿ. ನೀರಿನ ಲೋಟ ಕೈಗೆಟುಕುವಂತಿದೆಯೇ, ಬೆಳಿಗ್ಗೆ ತುಂಬಿದ ಜಗ್ಗು ಸಂಜೆಗೂ ತುಂಬಿಯೇ ಇದೆಯೇ? ತೂಕವನ್ನು ತಿಂಗಳಿಗೊಮ್ಮೆಯಾದರೂ ಬರೆದಿಟ್ಟಿರಬೇಕು. ಬೇಕೆಂದು ಇಳಿಸದಿದ್ದರೂ 3ರಿಂದ 6 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋಗಿಂತ ಹೆಚ್ಚು ಕಳೆದುಕೊಂಡಿದ್ದರೆ, ವೈದ್ಯರು ನೋಡಲೇಬೇಕು. ‘ವಯಸ್ಸಾಯಿತಲ್ಲ’ ಎನ್ನುವುದು ಉತ್ತರವಲ್ಲ. ಎಷ್ಟೋ ಸಲ ಕಾರಣ ಸಡಿಲವಾದ ಹಲ್ಲುಸೆಟ್ಟು.

ಕನ್ನಡಕ ಒರೆಸಿದೆಯೇ, ಕಿವಿಯ ಯಂತ್ರದಲ್ಲಿ ಬ್ಯಾಟರಿ ಇದೆಯೇ, ಉಗುರು ಹೇಗಿದೆ ಎಂಬುದಕ್ಕೆ ಎರಡು ನಿಮಿಷ ಸಾಕು. ಯಾವುದೋ ಒಂದು ಮೂಲೆಯಲ್ಲಿ ಮೂತ್ರದ ವಾಸನೆ ಬಂದರೆ ಈಗಷ್ಟೇ ಏನೋ ಆಗಿರಬಹುದು. ಎಲ್ಲ ಕಡೆ, ಪ್ರತಿ ಭೇಟಿಯಲ್ಲೂ ಬಂದರೆ ಡೈಪರನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿಲ್ಲ, ಹಾಸಿಗೆಗೇ ವಾಸನೆ ಹಿಡಿದಿದೆ. ಶೌಚಾಲಯದ ಕರೆಗಂಟೆಯ ದಾರ ನೆಲದವರೆಗೆ ಇಳಿದಿರಬೇಕು, ಏಕೆಂದರೆ ಬಿದ್ದವರ ಕೈ ಗೋಡೆಯ ಗುಂಡಿಗೆ ಎಟುಕುವುದಿಲ್ಲ.

ಬಿದ್ದವರ ರಿಜಿಸ್ಟರ್ ತೋರಿಸಿ ಎಂದು ಕೇಳಿ, ಹೆಸರು ಮುಚ್ಚಿಟ್ಟರೂ ಸರಿ. 40 ಜನರಿರುವ ಕಡೆ ಇಡೀ ವರ್ಷ ಯಾರೂ ಬಿದ್ದಿಲ್ಲ ಎಂದರೆ ಬರೆಯುತ್ತಿಲ್ಲ ಎಂದೇ ತಿಳಿಯಿರಿ. ಎಷ್ಟು ಜನ ಬಿದ್ದರು ಎನ್ನುವುದಕ್ಕಿಂತ ಬಿದ್ದ ಮೇಲೆ ಏನು ಬದಲಾಯಿತು ಎನ್ನುವುದು ಮುಖ್ಯ. ಕುಳಿತಾಗ ಮತ್ತು ನಿಂತಾಗ ರಕ್ತದೊತ್ತಡ ನೋಡಿದೆವು, ಮಾತ್ರೆ ಬದಲಾಯಿತು, ಮಂಚ ತಗ್ಗಿಸಿದೆವು, ರಾತ್ರಿ ಇಂಥ ಹೊತ್ತಿಗೆ ಶೌಚಕ್ಕೆ ಕರೆದೊಯ್ಯುತ್ತೇವೆ ಎಂಬ ಉತ್ತರ ಬಂದರೆ ಅಲ್ಲಿ ಯೋಚಿಸುವವರು ಇದ್ದಾರೆ. ‘ಏಳಬೇಡಿ ಅಂತ ಹೇಳಿದ್ದೇವೆ’ ಅಥವಾ ‘ಮಂಚದ ಪಕ್ಕಕ್ಕೆ ಕಂಬಿ ಹಾಕಿದ್ದೇವೆ’ ಎಂದಷ್ಟೇ ಹೇಳಿದರೆ ಎಚ್ಚರವಾಗಿರಿ. ಗೊಂದಲದಲ್ಲಿರುವವರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಸಂದಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಮೇಲ್ವಿಚಾರಕರನ್ನು ಬಿಟ್ಟು ಆರೈಕೆ ಮಾಡುವವರನ್ನೇ ಕೇಳಬೇಕಾದ ಪ್ರಶ್ನೆಗಳೂ ಇವೆ. ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುವವರು ಎಷ್ಟು ಮಂದಿ? ಇಲ್ಲಿ ಎಷ್ಟು ದಿನದಿಂದ ಇದ್ದೀರಿ? ಈ ಹಿರಿಯರಿಗೆ ಏನು ಇಷ್ಟ? ಮೂರನೆಯದಕ್ಕೆ ತಡವರಿಸದೆ ಉತ್ತರ ಬಂದರೆ ಅದು ತುಂಬ ಒಳ್ಳೆಯ ಸೂಚನೆ. ಔಷಧ ಕೊಡುವಾಗ ಹತ್ತಿರವಿದ್ದರೆ ಸಹಿ ಯಾವಾಗ ಹಾಕುತ್ತಾರೆ ನೋಡಿ. ನುಂಗಿದ್ದನ್ನು ಕಂಡ ಮೇಲೆ ಹಾಕಬೇಕು, ಮಾತ್ರೆ ಬಟ್ಟಲಿಗೆ ಹಾಕಿದ ಕೂಡಲೇ ಅಲ್ಲ.

ತಪ್ಪು ಕಂಡರೆ ದಿನಾಂಕ, ಗಂಟೆ, ಕಂಡದ್ದು ಇಷ್ಟನ್ನೇ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ, ವಾರದೊಳಗೆ ಹೋಗಿ ಅದೇ ವಿಷಯವನ್ನು ಮತ್ತೆ ನೋಡಿ. ಚರ್ಮ ಒಡೆದ ಹುಣ್ಣು, ಕುರ್ಚಿಗೆ ಕಟ್ಟಿದ ಗುರುತು, ಎರಡೂ ತೋಳುಗಳ ಮೇಲೆ ಬೆರಳಚ್ಚಿನಂಥ ಕಂದಿದ ಕಲೆ, ನಿಮ್ಮನ್ನು ಹಿರಿಯರೊಡನೆ ಒಂಟಿಯಾಗಿ ಬಿಡದಿರುವುದು: ಇವಕ್ಕೆ ವಾರ ಕಾಯಬೇಡಿ. ಅದೇ ದಿನ ಹೊರಗಿನ ವೈದ್ಯರಿಗೆ ತೋರಿಸಿ, ಫೋಟೊ ತೆಗೆದಿಡಿ, ಮೇಲಿನ ಅಧಿಕಾರಿಗಳಿಗೆ ದೂರು ಕೊಡಿ.