ಯಾಜಕಕಾಂಡ 19 ಮತ್ತು ಪೇಂಟಿಂಗ್ ಕಾಂಟ್ರಾಕ್ಟು

ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಪೇಂಟಿಂಗ್ ಕಾಂಟ್ರಾಕ್ಟರನಿಗೆ ಬೇಕಾದ ಮೂರು ನಿಯಮಗಳಿವೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು (ವಚನ 9-10), ಕೂಲಿಯವನ ಕೂಲಿ ಬೆಳಗಿನವರೆಗೆ ನಿಮ್ಮ ಹತ್ತಿರ ಉಳಿಯಬಾರದು (13), ಅಳತೆಯಲ್ಲಿ ಮೋಸ ಇರಬಾರದು (35). ಪುಣೆಯಲ್ಲಿ ಮನೆಗಳಿಗೆ ಬಣ್ಣ ಹಚ್ಚಿಸುವ ಕೆಲಸದಲ್ಲಿ ಇವನ್ನು ನಾನು ಪಾಲಿಸುವ ಬಗೆ ಹೀಗಿದೆ.

ಕಷ್ಟದ್ದು ಕೂಲಿಯ ನಿಯಮ. ವಾರಜೆ, ಹಡಪ್ಸರದ ಕಡೆಯ ಮಜೂರ್ ಅಡ್ಡಾಗಳಲ್ಲಿ (ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗ) ಕಲಬುರಗಿ, ಯಾದಗಿರಿ, ವಿಜಯಪುರದ ಮಂದಿ ಸಿಗುತ್ತಾರೆ. ಮತ್ತಾಯ 20ರ ದ್ರಾಕ್ಷಿತೋಟದ ಕಥೆಯಲ್ಲಿ ಪೇಟೆಯಲ್ಲಿ ಸುಮ್ಮನೆ ನಿಂತವರು ಇವರೇ. ಅಲ್ಲಿ ಯಜಮಾನ ಸಂಜೆಯೇ ಪಾರುಪತ್ಯಗಾರನಿಂದ ಕೂಲಿ ಕೊಡಿಸುತ್ತಾನೆ, ಕೊನೆಗೆ ಬಂದವರಿಗೂ ದಿನವಿಡೀ ದುಡಿದವರಷ್ಟೇ. ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಧರ್ಮೋಪದೇಶಕಾಂಡ 24:15ರಲ್ಲೇ ಇದೆ.

ಪಗಾರ ತಡವಾಗಲು ಕೆಟ್ಟ ಮನಸ್ಸೇ ಬೇಕಿಲ್ಲ, ಗಿರಾಕಿ ತಡಮಾಡಿದರೆ ಸಾಕು. ಅದಕ್ಕೇ ತಂಡದ ಆರು ದಿನದ ಪಗಾರ ಬೇರೆ ಖಾತೆಯಲ್ಲಿ ಇಟ್ಟಮೇಲೆಯೇ ಕೆಲಸ ಹಿಡಿಯುತ್ತೇನೆ. ಗಿರಾಕಿಯಿಂದ ಶುರುವಿಗೆ ನೂರಕ್ಕೆ 30, ಪುಟ್ಟಿ ಉಜ್ಜಿ ಪ್ರೈಮರ್ ಹೊಡೆದಮೇಲೆ 30, ಬಣ್ಣದ ಮೊದಲ ಕೋಟ್ ಆದಮೇಲೆ 30, ಉಳಿದ 10 ಕೊನೆಗೆ. ಆ 10 ಸಿಕ್ಕಿಹಾಕಿಕೊಂಡರೂ ನಿಲ್ಲುವುದು ನನ್ನ ಲಾಭ, ಅವರ ಪಗಾರವಲ್ಲ.

ಸಂಜೆ ಬ್ರಷ್ ತೊಳೆಯುವ ಹೊತ್ತಿಗೆ ಹಾಜರಿ ಓದುತ್ತೇನೆ. ಮುಕಾದಮನ (ತಂಡದ ಮೇಸ್ತ್ರಿಯ) ಕೈಗೆ ಒಟ್ಟಿಗೆ ಕೊಡದೆ ಒಬ್ಬೊಬ್ಬರಿಗೇ ಕೊಡಬೇಕು. ಫೋನಿಗೆ ಹಾಕಲೋ, ರೊಕ್ಕ ಬೇಕೋ ಎಂದು ಅವರನ್ನೇ ಕೇಳಬೇಕು. ಸಾಲದ ಕಂತು ಬಾಕಿಯಿದ್ದರೆ ಖಾತೆಗೆ ಬಿದ್ದದ್ದು ಅಲ್ಲೇ ಕಡಿತವಾಗಿ ರಾತ್ರಿ ಸಂತೆಗೆ ಏನೂ ಉಳಿಯದು. ಮುಂಗಡವನ್ನು ಅವರ ಎದುರೇ ಬರೆಯುತ್ತೇನೆ, ದಿನಕ್ಕೆ ಪಗಾರದ ಕಾಲುಭಾಗಕ್ಕಿಂತ ಹೆಚ್ಚು ಮುರಿದುಕೊಳ್ಳುವುದಿಲ್ಲ. ಮಳೆ ಬಂದು ಹೊರಗೋಡೆ ಕೆಲಸ ಮಧ್ಯಾಹ್ನಕ್ಕೆ ನಿಂತರೂ ಪೂರ್ತಿ ಹಾಜರಿ. ಮೋಡ ನೋಡಿಯೂ ಕರೆದವನು ನಾನಲ್ಲವೇ? ಆದರೆ ಇದನ್ನು ಬೆಳಿಗ್ಗೆಯೇ ಹೇಳಬೇಕು. ಸಂಜೆ ಹೇಳಿದರೆ, ಒಳಗೋಡೆಯಲ್ಲಿ ದಿನವಿಡೀ ದುಡಿದವರು ಆ ದ್ರಾಕ್ಷಿತೋಟದವರಂತೆಯೇ ಗೊಣಗುತ್ತಾರೆ.

ಅಳತೆಯದು ಬರೀ ಲೆಕ್ಕ. 10×12 ಅಡಿ ಕೋಣೆ, 10 ಅಡಿ ಎತ್ತರ: ಗೋಡೆ 440, ಚಾವಣಿ 120, ಒಟ್ಟು 560 ಚದರ ಅಡಿ. 3×7 ಬಾಗಿಲು, 4×4 ಕಿಟಕಿ ಕಳೆದರೆ 523. ಕಳೆಯದೇ ಬಿಲ್ ಬರೆಯುವುದು ಈ ಧಂಧೆಯಲ್ಲಿ ಸಾಮಾನ್ಯ. ಚದರ ಅಡಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ಕೋಣೆಗೆ 740 ರೂಪಾಯಿ ಹೆಚ್ಚು ಬೀಳುತ್ತದೆ. ಬಾತ್‌ರೂಮಿನ ಕಿಂಡಿಯಂಥ, ಅರ್ಧ ಚದರ ಮೀಟರಿನೊಳಗಿನದನ್ನು ಕಳೆಯಬೇಕಿಲ್ಲ, ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನಕ ಐಎಸ್ 1200ರ ಪದ್ಧತಿಯೂ ಅದೇ. ಟೇಪಿನ ಒಂದು ತುದಿ ಗಿರಾಕಿಯ ಕೈಯಲ್ಲಿರಲಿ, ಆಮೇಲೆ ವಾದವೇ ಬರುವುದಿಲ್ಲ.

ನೀರೂ ಅಳತೆಯೇ. ಡಬ್ಬಿಯ ಮೇಲೆ ಬರೆದಷ್ಟನ್ನೇ ಮಗ್ಗಿನಲ್ಲಿ ಅಳೆದು ಹಾಕಿಸುತ್ತೇನೆ. ಹೆಚ್ಚಾದರೆ ಹಳೆಯ ಬಣ್ಣ ಮುಚ್ಚುವುದಿಲ್ಲ, ಗೋಡೆಯ ಮೇಲೆ ಇಳಿಗೆರೆ ಬೀಳುತ್ತದೆ, ಒಣಗಿದಮೇಲೆ ಒರೆಸಿದರೆ ಕೈಗೆ ಪುಡಿ ಬರುತ್ತದೆ. ಉಳಿದ ಬಣ್ಣ ಗಿರಾಕಿಯದು; ಶೇಡ್ ನಂಬರು ಬರೆದು ಮನೆಯಲ್ಲೇ ಬಿಡಬೇಕು.

ಹೊಲದ ಅಂಚು ಎಂದರೆ ನಮ್ಮಲ್ಲಿ ಡಬ್ಬಿಯೊಳಗೆ ಬಣ್ಣದ ಕಂಪನಿ ಇಟ್ಟಿರುವ, ರೊಕ್ಕಕ್ಕೆ ಬದಲಾಗುವ ಟೋಕನ್. ಅದು ಹೆಲ್ಪರನಿಗೆ. ಖಾಲಿ ಡಬ್ಬಿಗಳನ್ನೂ ಗಿರಾಕಿ ಬೇಡವೆಂದರೆ ಅವನೇ ಗುಜರಿಗೆ ಹಾಕಿಕೊಳ್ಳುತ್ತಾನೆ.

ಭಾನುವಾರ ಕೆಲಸವಿಲ್ಲ. ಇದರಲ್ಲಿ ದೊಡ್ಡ ತ್ಯಾಗವೇನಿಲ್ಲ, ಉಜ್ಜುವ ಸದ್ದಿಗೆ ಎಷ್ಟೋ ಸೊಸೈಟಿಗಳೇ ಅಂದು ಬಿಡುವುದಿಲ್ಲ. ಪಗಾರ ಕೊಡುವಾಗ ಚರ್ಚಿಗೆ ಬನ್ನಿ ಎನ್ನುವುದಿಲ್ಲ, ಪ್ರಾರ್ಥನೆಗೆ ನಿಲ್ಲಿಸುವುದಿಲ್ಲ. ನಾಳೆಯ ಕೆಲಸ ನನ್ನ ಕೈಯಲ್ಲಿರುವಾಗ ಅವರು ಒಲ್ಲೆ ಎನ್ನಲಾರರು. ನಾಗರ ಪಂಚಮಿಗೆ, ಊರ ಜಾತ್ರೆಗೆ ಹೋಗುತ್ತಾರೆಂದು ಎಸ್ಟಿಮೇಟಿನಲ್ಲೇ ನಾಲ್ಕು ದಿನ ಹೆಚ್ಚು ಬರೆದಿರುತ್ತೇನೆ.